ಗೆಜ್ಜೆವಸ್ತ್ರದ ಟೇಬಲ್ಲಿಗೆ ಒಬ್ಬರು ಬೇಕು

ಮೊದಲು ಒಂದು ಒಗಟು. ನಾಲ್ಕು ಕಾಲಿದೆ, ನಡೆಯಲ್ಲ. ಎಲ್ಲರೂ ಹತ್ತಿರ ಬರ್ತಾರೆ, ಯಾರೂ ಕೂರಲ್ಲ. ಯಾಕೆ ಕೂರಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ಏನದು?

ತಲೆ ಕೆಡಿಸ್ಕೋಬೇಡಿ, ನಿಮಗೆ ಗೊತ್ತಾಗಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು. ಉತ್ತರ ಬರೆಯದವರ ಮೇಲೆ ನನಗೆ ಕೋಪವಿಲ್ಲ. ನಾನೇ ಹೇಳ್ತೀನಿ: ನಮ್ಮಜ್ಜಿಯ ಟೇಬಲ್ಲು.

ಎನ್.ಆರ್. ಕಾಲೋನಿಯಲ್ಲಿ ನಮ್ಮ ಮನೆ ಹಿಂದಿನ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಕಲಾ ಸಂತೆ ನಡೆಯುತ್ತೆ. ಚಿತ್ರ, ಮಡಕೆ, ಮರದ ಬಳೆ ಮಾರ್ತಾರೆ. ಕೆಲವು ಟೇಬಲ್ಲುಗಳಲ್ಲಿ ಜನರನ್ನು ಕೂರಿಸಿ ಕೈಕೆಲಸ ಕಲಿಸ್ತಾರೆ. ನಮ್ಮಜ್ಜಿ ಕಲಿಸೋದು ಗೆಜ್ಜೆವಸ್ತ್ರ. ಹತ್ತಿಯನ್ನು ಎಳೆದು, ನಡುನಡುವೆ ಗೆಜ್ಜೆಯ ಹಾಗೆ ಉಂಡೆ ಬಿಟ್ಟು ಹೊಸೆದು, ಕುಂಕುಮದ ಚುಕ್ಕಿ ಇಟ್ಟರೆ ದೇವರ ಕೊರಳಿಗೆ ಹಾರ. ಅರವತ್ತು ವರ್ಷದಿಂದ ಅಜ್ಜಿ ಅದನ್ನು ಮಾಡಿದಾರೆ. ಆದರೆ ಮಾಘ ಮಾಸದಲ್ಲಿ ತಾತ ಹೋದರು. ಅಜ್ಜಿಯ ಹಣೆ ಖಾಲಿಯಾಯ್ತು. ಕುಂಕುಮದ ಬಟ್ಟಲು ಮುಂದಿಟ್ಟುಕೊಂಡ ಖಾಲಿ ಹಣೆಯ ಮುದುಕಿ ಹತ್ತಿರ ಯಾರು ಕೂರ್ತಾರೆ?

ಸಂತೆ ನಡೆಸೋ ಅಣ್ಣ ಒಳ್ಳೆಯವನೇ. ಟೇಬಲ್ ಕೊಟ್ಟ. ತಾತ ಹೋಗಿ ಆರು ತಿಂಗಳಾದ ಮೇಲೆ ಅವತ್ತು ಅಜ್ಜಿ ಇಸ್ತ್ರಿ ಮಾಡಿದ ಸೀರೆ ಉಟ್ಟರು. ಆದರೆ ಅವನದೊಂದು ನಿಯಮ: ಗೌರಿ ಹಬ್ಬದ ಮುಂಚಿನ ಮೂರು ಭಾನುವಾರದಲ್ಲಿ ಒಬ್ಬರಾದರೂ ಕೂತು ಒಂದು ಹಾರ ಮುಗಿಸಬೇಕು. ಇಲ್ಲದಿದ್ದರೆ ಟೇಬಲ್ ಬೇರೆಯವರಿಗೆ.

ಆ ಮೂರು ಭಾನುವಾರದ ಕಥೆ ಇದು. ನಮ್ಮ ಬೀದಿಯಲ್ಲಿ ಇಂಥವು ಕರೆಂಟು ಹೋದ ಹಾಗೆ, ಆಗ್ತಾನೇ ಇರುತ್ತೆ. ನಗೋದು ಬಿಡೋದು ನಿಮ್ಮಿಷ್ಟ.

ಪಾಪ

ನಮ್ಮ ಎದುರುಮನೆ ಆಂಟಿ ಕೆಟ್ಟ ಮಾತು ಆಡೋರೇ ಅಲ್ಲ. ಅಜ್ಜಿ ಟೇಬಲ್ ಹತ್ತಿರ ಯಾರಾದರೂ ನಿಂತರೆ ಸಾಕು, ಪಕ್ಕಕ್ಕೆ ಬಂದು, "ಪಾಪ, ಈ ವರ್ಷಾನೇ ಯಜಮಾನ್ರು ಹೋದ್ರು, ಆದ್ರೂ ಎಷ್ಟು ಧೈರ್ಯ ನೋಡಿ" ಅಂತ ಮೆಲ್ಲಗೆ ಹೊಗಳ್ತಾರೆ. ಕೇಳಿದವರಿಗೆ ತಕ್ಷಣ ಮನೆಯಲ್ಲಿ ಹಾಲು ಒಲೆ ಮೇಲಿಟ್ಟಿದ್ದು ನೆನಪಾಗುತ್ತೆ. ಮೊದಲ ಭಾನುವಾರ ಹನ್ನೊಂದು ಜನರ ಮನೆಯಲ್ಲಿ ಹಾಲು ಉಕ್ಕಿತು.

ನಾನು ಬಿಡ್ತೀನಾ? ಮೈದಾನಕ್ಕೆ ಓಡಿ, ಕ್ರಿಕೆಟ್ ಆಡ್ತಿದ್ದ ನನ್ನ ದೋಸ್ತನನ್ನು ಎಳೆದುಕೊಂಡು ಬಂದೆ. "ಮಗಾ, ಸುಮ್ನೆ ಕೂತ್ಕೊಂಡು ಅಜ್ಜಿ ಹೇಳ್ದಂಗೆ ಮಾಡು." ಅವನು ಕೂತ. ಬೆವರಿದ ಕೈಯಲ್ಲಿ ಹತ್ತಿ ಹಿಡಿದ. ಅಷ್ಟರಲ್ಲಿ ಸಂತೆ ಅಣ್ಣ ಪಟ್ಟಿ ಹಿಡ್ಕೊಂಡು ಬಂದ.

"ಏನಪ್ಪಾ, ಏನ್ ಕಲೀತಿದೀಯ?"

ದೋಸ್ತ್ ನನ್ನ ಮುಖ ನೋಡಿದ, ಹತ್ತಿ ನೋಡಿದ, ಅಜ್ಜಿಯನ್ನು ನೋಡಿದ.

"ದಿಂಬು, ಸರ್."

ಸಿಗ್ನಲ್ಲು

ಎರಡನೇ ಭಾನುವಾರ ಊರಿನ ಆ ಕಡೆಯಿಂದ ಒಂದು ಹೊಸ ಜೋಡಿ ಬಂತು. ಹುಡುಗಿಗೆ ಏನೂ ಗೊತ್ತಿಲ್ಲ. ಎದುರುಮನೆ ಆಂಟಿ ಅವತ್ತು ಮದುವೆಗೆ ಹೋಗಿದ್ದರು. ಹುಡುಗಿ ಧಡ್ ಅಂತ ಕುರ್ಚಿಯಲ್ಲಿ ಕೂತಳು. ನನಗೆ ಅಲ್ಲೇ ಡ್ಯಾನ್ಸ್ ಮಾಡೋಣ ಅನ್ನಿಸ್ತು.

ಅಜ್ಜಿ ಅವಳ ಬೆರಳು ಹಿಡಿದು ತಿದ್ದಿದರು. ಅರ್ಧ ಹಾರ ಆಯ್ತು. ಹುಡುಗಿ ಅದನ್ನು ತನ್ನ ಕೊರಳಿಗೇ ಹಾಕ್ಕೊಂಡು, "ಸೂಪರ್ ಆಗಿದೆ ಅಜ್ಜಿ, ಆಫೀಸಿಗೆ ಹಾಕ್ಕೊಂಡು ಹೋಗ್ಬಹುದಾ?" ಅಂದಳು. ಅಜ್ಜಿ ನಕ್ಕರು. ತಾತ ಹೋದ ಮೇಲೆ ಆ ಸದ್ದು ನಾನು ಕೇಳಿರಲಿಲ್ಲ.

ಖುಷಿಯಲ್ಲಿ ಹುಡುಗಿ ಅತ್ತೆಗೆ ವಿಡಿಯೋ ಕಾಲ್ ಮಾಡಿದಳು. "ನೋಡಿ ಅತ್ತೆ, ಗೌರಿಗೆ ನಾನೇ ಮಾಡ್ತಿದೀನಿ!"

"ಅಯ್ಯೋ ನನ್ ಬಂಗಾರ! ಯಾರು ಹೇಳ್ಕೊಡ್ತಿದಾರೆ? ತೋರ್ಸು."

ಫೋನು ಅಜ್ಜಿ ಕಡೆ ತಿರುಗಿತು. ಅತ್ತೆ ಕನ್ನಡಕ ಏರಿಸಿ ನೋಡಿದರು. ಆಮೇಲೆ, "ಸ್ವಲ್ಪ ಈಚೆ ಬಾಮ್ಮ, ಒಂದು ಮಾತು" ಅಂತ ಕೇಳಿಸ್ತು. ಹುಡುಗಿ ಈಚೆ ಹೋಗಿ ಬಂದು, ಹಾರ ತೆಗೆದು ಟೇಬಲ್ ಮೇಲಿಟ್ಟಳು.

"ಸಾರಿ ಅಜ್ಜಿ, ಇಲ್ಲಿ ಸಿಗ್ನಲ್ ಸಿಗ್ತಿಲ್ಲ. ಹೊರಡ್ತೀನಿ."

ಅಜ್ಜಿ ಉಳಿದರ್ಧ ಹಾರವನ್ನು ತಾವೇ ಹೊಸೆಯೋಕೆ ಶುರು ಮಾಡಿದರು. "ಪರವಾಗಿಲ್ಲ ಬಿಡೋ. ನಮ್ಮತ್ತೆ ಕಾಲದಲ್ಲಿ ಫೋನ್ ಇಲ್ದೇನೇ ಸಿಗ್ನಲ್ ಬರ್ತಿತ್ತು."

ಕೈಗುಣ

ಇಷ್ಟರಲ್ಲಿ ಅಜ್ಜಿ ಖಾಲಿ ಕೂತು ಕೂತು ಒಂದು ಚೀಲದ ತುಂಬ ಹಾರ ಮಾಡಿಟ್ಟಿದ್ದರು. ನಾನು ಅವರಿಗೆ ಹೇಳದೆ ಗಾಂಧಿ ಬಜಾರಿನಲ್ಲಿ ಪೂಜಾ ಸಾಮಾನು ಮಾರೋ ಒಂದು ಗ್ರಂಧಿಗೆ ಅಂಗಡಿಗೆ ತಗೊಂಡು ಹೋಗಿ ಕೊಟ್ಟುಬಿಟ್ಟೆ.

"ಮಡಿಯಲ್ಲಿ ಮಾಡಿದ್ದೇನಪ್ಪಾ?" ಅಂದರು ಅಂಗಡಿಯವರು.

"ಸ್ನಾನ ಮಾಡ್ದೇ ಹತ್ತಿ ಮುಟ್ಟಲ್ಲ ಸರ್ ಅವ್ರು" ಅಂದೆ. ಸುಳ್ಳಲ್ಲ. ಮಿಕ್ಕಿದ್ದು ಅವರು ಕೇಳಲಿಲ್ಲ.

ಮೂರನೇ ಭಾನುವಾರ. ಹನ್ನೆರಡಕ್ಕೆ ಗಡುವು, ಹನ್ನೊಂದೂವರೆಯಾದರೂ ಕುರ್ಚಿ ಖಾಲಿ. ಎದುರುಮನೆ ಆಂಟಿ ಕೈಯಲ್ಲೊಂದು ಪೊಟ್ಟಣ ಹಿಡ್ಕೊಂಡು ಬಂದರು.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಗೆಜ್ಜೆವಸ್ತ್ರ ಅಂದ್ರೆ ಹೀಗಿರ್ಬೇಕು. ಎಷ್ಟು ನಯ ಅಂತ ಮುಟ್ಟಿ ನೋಡಿ... ಬೇಡ ಬೇಡ, ಅಲ್ಲಿಂದ್ಲೇ ನೋಡಿ."

ಅಜ್ಜಿ ನೋಡಿದರು. ಹಾರದ ಎರಡೂ ತುದಿಯಲ್ಲಿ ಎಳೆಯನ್ನು ಪುಟ್ಟ ಜಡೆಯ ಹಾಗೆ ಹೆಣೆದಿದ್ದರು. ಹಾಗೆ ಹೆಣೆಯೋದು ನಮ್ಮ ಬೀದಿಯಲ್ಲಿ ಅಜ್ಜಿ ಒಬ್ಬರೇ. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಮುತ್ತೈದೆಯರ ಕೈಗುಣಾನೇ ಬೇರೆ" ಅಂದರು ಆಂಟಿ. "ಇದನ್ನ ಮಾಡ್ದೋರು ಸಿಕ್ಕಿದ್ರೆ ಕಾಲಿಗೆ ಬಿದ್ದು ಕಲೀತೀನಿ."

"ಬೀಳೋದೇನೂ ಬೇಡ ಆಂಟಿ" ಅಂದೆ. "ಕೂತ್ರೆ ಸಾಕು. ನಿಮ್ ಮುಂದೇನೇ ಇದಾರೆ."

ಆಂಟಿಗೆ ಮೊದಲು ಅರ್ಥ ಆಗಲಿಲ್ಲ. ಅರ್ಥ ಆದಾಗ ಧೊಪ್ಪಂತ ಕುರ್ಚಿಯಲ್ಲಿ ಕೂತರು. ಅಜ್ಜಿ ಅವರ ಕೈಗೆ ಹತ್ತಿ ಕೊಟ್ಟರು. ಎದ್ದು ಹೋಗೋಣ ಅಂದರೆ ಎದುರಿಗೆ ಸಂತೆ ಅಣ್ಣ. ಆಂಟಿ ಹೊಸೆದರು. ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಕಂಬಳಿಹುಳದಂಥ ಒಂದು ಹಾರ ಮುಗೀತು. ಅಣ್ಣ ಪಟ್ಟಿಯಲ್ಲಿ ಗುರುತು ಹಾಕಿದ. ಟೇಬಲ್ ಉಳೀತು.

"ಇದನ್ನ ಗೌರಿಗೆ ಹಾಕ್ಲಾ?" ಅಂದರು ಆಂಟಿ, ಸಣ್ಣ ದನಿಯಲ್ಲಿ.

ಅಜ್ಜಿ ಹಾರ ಎತ್ತಿ ಹಿಂದೆಮುಂದೆ ನೋಡಿದರು. "ಗೌರಿಗೆ ಬೇಡಮ್ಮ. ಗಣಪತಿ ಪಕ್ಕದಲ್ಲಿ ಇಲಿ ಇರುತ್ತಲ್ಲ, ಅದಕ್ಕೆ ಹಾಕು. ಅದರ ಪಾಡಿಗೆ ಅದು ಕಡಿದು ಹಾಕುತ್ತೆ, ಯಾರಿಗೂ ಹೇಳಲ್ಲ."

ಸರಿ, ಒಪ್ಕೋತೀನಿ. ಆಂಟಿಗೆ "ಬೀಳೋದೇನೂ ಬೇಡ" ಅಂದೆ ಅಂತ ಬರೆದೆನಲ್ಲ, ಅಲ್ಲಿಂದ ಮುಂದೆ ಎಲ್ಲಾ ನಾನು ಕಟ್ಟಿದ್ದು. ಬಾಯಿ ತೆಗೆಯೋ ಮುಂಚೆಯೇ ಅಜ್ಜಿ ಟೇಬಲ್ ಕೆಳಗೆ ನನ್ನ ತೊಡೆ ಚಿವುಟಿದರು. "ಚೆನ್ನಾಗಿದೆಯಮ್ಮ, ಹಬ್ಬಕ್ಕೆ ಹಾಕು" ಅಂದರು, ಅಷ್ಟೇ. ಆಂಟಿ ಹೋದರು. ಹನ್ನೆರಡಕ್ಕೆ ಅಣ್ಣ ತಲೆ ತಗ್ಗಿಸಿ ಬಂದು ಬೋರ್ಡು ಬಿಚ್ಚಿದ. ಈಗ ಅಲ್ಲಿ ಘಮಘಮ ಮೇಣದಬತ್ತಿ ಮಾಡೋದು ಕಲಿಸ್ತಾರೆ. ನಿಲ್ಲೋಕೂ ಜಾಗ ಇರಲ್ಲ.

ಇದನ್ನು ಬರೆದು ಅಜ್ಜಿಗೆ ಓದಿ ಹೇಳಿದೆ.

"ಕೊನೆ ಸುಳ್ಳು" ಅಂದರು.

ಹತ್ತಿಯ ಚೀಲ ಎಳೆದುಕೊಂಡು ಒಂದು ಎಳೆ ತೆಗೆದರು. ಆಮೇಲೆ, "ಲೋ ಕೋತಿ, ಆ ಇಲಿದು ಇನ್ನೊಂದ್ಸಲ ಓದೋ" ಅಂದರು.