ಕಲ್ಮೇಶನ ಶಸ್ತ್ರಚಿಕಿತ್ಸೆ

ರೌಂಡ್ ರಾಕ್‌ನ ತನ್ನ ಮನೆಯಲ್ಲಿ ಕೆಟ್ಟುಹೋದ ವಸ್ತು ಇನ್ನೊಂದೂ ಉಳಿದಿಲ್ಲ ಎಂದು ಗೊತ್ತಾದ ಸಂಜೆ ಕಲ್ಮೇಶನಿಗೆ ಅಳು ಬರುವುದೊಂದು ಬಾಕಿ.

ಅವನ ಹೆಂಡತಿ ನಿವೇದಿತಾಗೆ ಹ್ಯೂಸ್ಟನ್‌ನ ಆಸ್ಪತ್ರೆಯೊಂದರಲ್ಲಿ ಬಡ್ತಿ ಸಿಕ್ಕಿತ್ತು. ಅಲ್ಲೇ ಅಪಾರ್ಟ್‌ಮೆಂಟ್ ಹಿಡಿದು ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದುಹೋಗುತ್ತಿದ್ದಳು. ಮಗಳು ಶ್ರೇಯಾ ಡಾಲಸ್‌ನಲ್ಲಿ ಕಾಲೇಜಿಗಿದ್ದಳು. ಕಲ್ಮೇಶನ ಕಂಪ್ಯೂಟರ್ ಕೆಲಸವೋ ಮನೆಯಿಂದಲೇ. ನಾಲ್ಕು ಬೆಡ್‌ರೂಮು, ಎರಡು ಫ್ರಿಜ್ಜು, ಒಂದು ಗ್ಯಾರೇಜು, ಇಷ್ಟಕ್ಕೂ ಅವನೇ ಸಾರ್ವಭೌಮ. ಪ್ರಜೆ ಮಾತ್ರ ಒಬ್ಬರೂ ಇಲ್ಲ.

ಹೆಂಡತಿಯ ಫೋನು ದಿನಾ ಬರುತ್ತಿತ್ತು.

"ಊಟ ಆತೇನ್ರೀ?"

"ಆತು. ನಿಂದು?"

"ನಂದೂ ಆತು. ಇಡ್ಲ್ಯಾ?"

ಮಾತು ಇನ್ನೊಂದು ನಿಮಿಷ ಬೆಳೆಯಲಿ ಎಂಬ ಆಸೆಯಿಂದ ಅವನೊಮ್ಮೆ, "ಇಡ್ಲಿ ಅಲ್ಲ, ಉಪ್ಪಿಟ್ಟು" ಎಂದು ನೋಡಿದ. ಅಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು. (ಜೋಕು ಚೆನ್ನಾಗಿಯೇ ಇತ್ತು. ಅವನೊಬ್ಬನೇ ನಕ್ಕ.)

"ಅಪ್ಪಾ, ಯು ನೀಡ್ ಎ ಹಾಬಿ" ಎಂದಳು ಶ್ರೇಯಾ. ಕಲ್ಮೇಶ ಆ ಹೊತ್ತೇ ಆನ್‌ಲೈನಿನಲ್ಲಿ ಒಂದು ಸ್ಕ್ರೂಡ್ರೈವರ್ ಸೆಟ್ಟು ತರಿಸಿದ. ಪೆಟ್ಟಿಗೆ ಬಂದಾಗ ಮುಚ್ಚಳದ ಮೇಲೊಂದು ಬಂದೂಕಿನ ಚಿತ್ರ. ಒಳಗೆ ಪುಟ್ಟ ಹಿತ್ತಾಳೆ ಸುತ್ತಿಗೆ, ಪಿನ್ನು ದಬ್ಬಿ ತೆಗೆಯುವ ಉಕ್ಕಿನ ಕಡ್ಡಿಗಳು, ಒಂದೇ ಹಿಡಿಗೆ ಹೊಂದುವ, ಬಿಟ್ಟು ಎಂಬ ಸ್ಕ್ರೂಡ್ರೈವರ್ ತುದಿಗಳ ಸಾಲು. ಅವನು ತರಿಸಿದ್ದು ಬಂದೂಕು ರಿಪೇರಿ ಮಾಡುವವರ ಸೆಟ್ಟು! ವಾಪಸು ಕಳಿಸೋಣವೆಂದುಕೊಂಡವನು ಒಂದು ಬಿಟ್ಟನ್ನು ಮಿಕ್ಸಿಯ ಸ್ಕ್ರೂಗೆ ಇಟ್ಟು ನೋಡಿದ. ಹಳೆಯ ಸ್ಕ್ರೂಡ್ರೈವರು ಜಾರಿ ಜಾರಿ ಸ್ಕ್ರೂ ತಲೆಯನ್ನು ಕೆರೆದಿಡುತ್ತಿತ್ತು. ಇದು ಸೀಳಿನೊಳಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಆ ಸುಖಕ್ಕೆ ಅವನು ಸೋತ.

ಮಿಕ್ಸಿಯಾಯಿತು, ಕುಕ್ಕರ್ ಹಿಡಿಯಾಯಿತು, ಕಪಾಟಿನ ಕೀಲುಗಳಾದವು. ಗ್ಯಾರೇಜಿನ ಮೇಜಿಗೆ ವಸ್ತುಗಳನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್ ಬಂತು. ಅದು ಕಚ್ಚಿದ ವಸ್ತುವಿಗೆ ಗೀರು ಬೀಳದಿರಲೆಂದು ಮೂಲೆಯಲ್ಲಿ ಬಿದ್ದಿದ್ದ ಕೊಲ್ಹಾಪುರಿ ಚಪ್ಪಲಿಯನ್ನು ಕತ್ತರಿಸಿ ದವಡೆಗೆ ಚರ್ಮ ಹೊದಿಸಿದ. (ಚಪ್ಪಲಿ ಯಾರದೆಂದು ನೋಡುವಷ್ಟು ವ್ಯವಧಾನ ಇರಲಿಲ್ಲ.) ಕೊನೆಗೆ ಮನೆಯಲ್ಲಿ ಕೆಟ್ಟು ಕೂತವನು ಅವನೊಬ್ಬನೇ ಉಳಿದ, ಅವನಿಗೆ ಹೊಂದುವ ಬಿಟ್ಟು ಆ ಸೆಟ್ಟಿನಲ್ಲಿರಲಿಲ್ಲ.

ಮಾಡಲು ಏನೂ ಇಲ್ಲದೆ ಅವನು ಗ್ಯಾರೇಜಿನ ಬಾಗಿಲೆತ್ತಿ ಸ್ಟೂಲ್ ಹಾಕಿಕೊಂಡು ಕೂತ. ಯಾರಾದರೂ ಹಾದುಹೋಗಲಿ, ಒಂದು ಹಲೋ ಅನ್ನಲಿ ಎಂಬಷ್ಟೇ ದುರಾಸೆ. ಕಾರುಗಳು ಬರುತ್ತಿದ್ದವು, ತಮ್ಮ ತಮ್ಮ ಗ್ಯಾರೇಜು ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದವು. ಕಡೆಗೊಂದು ಸಂಜೆ ಎದುರು ಮನೆಯ ಡಾರ್ಲೀನ್ ನಡೆದುಕೊಂಡು ಬಂದಳು. ಎಪ್ಪತ್ತು ದಾಟಿದ ವಿಧವೆ. ಜೀನ್ಸು, ಬೂಟು, ಗಟ್ಟಿ ದನಿ. ಮೇಜಿನ ಮೇಲಿನ ಪೆಟ್ಟಿಗೆ ನೋಡಿ ನಿಂತಳು.

"ನೀನು ಬಂದೂಕು ರಿಪೇರಿ ಮಾಡ್ತೀಯಾ?" ಎಂದಳು, ಇಂಗ್ಲಿಷಿನಲ್ಲಿ.

ಕಲ್ಮೇಶ ಬಂದೂಕನ್ನು ಹತ್ತಿರದಿಂದ ನೋಡಿದ್ದು ಧಾರವಾಡದ ಬ್ಯಾಂಕಿನ ಬಾಗಿಲಲ್ಲಿ, ತೂಕಡಿಸುವ ಕಾವಲುಗಾರನ ತೊಡೆಯ ಮೇಲೆ ಮಾತ್ರ. ಆದರೆ ಇಲ್ಲವೆಂದರೆ ಆಕೆ ಮುಂದೆ ಹೋಗಿಬಿಡುತ್ತಾಳಲ್ಲ!

"ಓ, ಮಾಡ್ತೀನಿ" ಎಂದ.

ಮರುದಿನ ಡಾರ್ಲೀನ್ ತನ್ನ ಗಂಡನ ಜೋಡಿ ನಳಿಗೆಯ ಹಳೆಯ ಬಂದೂಕನ್ನು ತಂದಳು. ಅದನ್ನು ನಡುವೆ ಬಾಗಿಸಿ ತೆರೆದು ಎರಡೂ ನಳಿಗೆ ಖಾಲಿ ಎಂದು ತೋರಿಸಿ, "ನನ್ನ ಮಾತು ನಂಬಬೇಡ, ನೀನೇ ನೋಡು" ಎಂದಳು. ಕಲ್ಮೇಶ ನೋಡಿದ. ಎರಡು ಸಲ ನೋಡಿದ. ಬಂದೂಕಿನ ಮರದ ಹಿಡಿ ಅಲುಗಾಡುತ್ತಿತ್ತು. ಅದನ್ನು ಹಿಡಿದಿಡುವ ಸ್ಕ್ರೂ ತುಕ್ಕುಹಿಡಿದು ಕಚ್ಚಿಕೊಂಡಿತ್ತು. ಆ ರಾತ್ರಿ ಕಂಡ ವಿಡಿಯೋಗಳೆಲ್ಲ ಹೇಳಿದ್ದು ಒಂದೇ: ತೊಟ್ಟು ಎಣ್ಣೆ ಬಿಡು, ಮೆಲ್ಲಗೆ ತಟ್ಟು, ಕಾಯಿ. ಕಾಯುವ ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಕಾಯುವಾಗ ಡಾರ್ಲೀನ್ ಮಾತಾಡುತ್ತಿದ್ದಳು. ಗಂಡನ ಗೊರಕೆ, ಒಂದು ಕಾಲದಲ್ಲಿ ಈ ಜಾಗದಲ್ಲಿದ್ದ ಹತ್ತಿ ಹೊಲ, ಮೊಣಕಾಲಿನ ಆಪರೇಷನ್ನು. ಕಲ್ಮೇಶ ಹೂಂಗುಟ್ಟುತ್ತ ಶುಂಠಿ ಹಾಕಿದ ಚಹಾ ಮಾಡಿಕೊಡುತ್ತಿದ್ದ. ಎರಡನೆಯ ಸಂಜೆಯೇ ಸ್ಕ್ರೂ ಸಣ್ಣಗೆ ಅಲುಗಿತು. ಅವನು ಬೆಚ್ಚಿ, ಆಕೆಯತ್ತ ನೋಡಿ, ಅದನ್ನು ಮೆಲ್ಲಗೆ ವಾಪಸು ಬಿಗಿದ.

"ಅಲುಗಿತಾ?"

"ಇಲ್ಲ ಇಲ್ಲ. ಇನ್ನೂ ಎಣ್ಣೆ ಬೇಕು. ಚಹಾ ಕುಡೀತೀರಾ?"

ಹೀಗೆ ಆ ಸ್ಕ್ರೂ ಕೆಲವು ವಾರ ಚಹಾ ಕುಡಿಸಿತು. (ನಿವೇದಿತಾ ಬರುವ ವಾರಾಂತ್ಯ ಮಾತ್ರ ಗ್ಯಾರೇಜಿಗೆ ಬೀಗ.) ತಾನೀಗ ನಿಜವಾದ ಶಸ್ತ್ರವೈದ್ಯ ಎಂದು ಕಲ್ಮೇಶ ಬೀಗಿದ.

ಅಂಥದೊಂದು ಶುಕ್ರವಾರ ಸಂಜೆ, ಬರುವ ವಾರವಲ್ಲದಿದ್ದರೂ, ಗಂಡನಿಗೆ ಸರ್‌ಪ್ರೈಸ್ ಕೊಡೋಣವೆಂದು ನಿವೇದಿತಾ ಹ್ಯೂಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ತೆರೆದ ಗ್ಯಾರೇಜಿನಲ್ಲಿ ಗಂಡ, ಪಕ್ಕದಲ್ಲಿ ನಿವೇದಿತಾಳ ಕಪ್ಪಿನಲ್ಲಿ ಚಹಾ ಹೀರುತ್ತ ನಗುತ್ತಿರುವ ಹೆಂಗಸು, ನಡುವೆ ಬಂದೂಕು. ಯಾರು ಯಾರಿಗೆ ಸರ್‌ಪ್ರೈಸ್ ಕೊಟ್ಟರೆಂದು ಹೇಳುವುದು ಕಷ್ಟ.

"ಏನ್ರೀ ಇದು?"

"ಸ್ಕ್ರೂಡ್ರೈವರ್."

"ಅದಲ್ಲ. ಅದರ ಕೆಳಗಿಂದು?"

"ಸ್ವಲ್ಪ... ಬಂದೂಕು."

"ಸ್ವಲ್ಪ ಬಂದೂಕು ಅಂದ್ರೇನ್ರೀ? ಇಡೀ ಬಂದೂಕು ಅದ! ಜಿರಳಿ ಕಂಡ್ರ ಕುರ್ಚಿ ಏರಾವ್ರು ನೀವು!"

"ಹಂಗಲ್ಲ ನಿವೇದಿತಾ, ಇದು ಶಸ್ತ್ರಚಿಕಿತ್ಸಾ. ನಾ ಡಾಕ್ಟರ್ ಇದ್ದಂಗ."

"ಹಂಗಾದ್ರ ಪೇಷಂಟ್‌ನ ಈಗಿಂದೀಗ ಡಿಸ್ಚಾರ್ಜ್ ಮಾಡ್ರಿ." ಅವಳು ಇನ್ನಷ್ಟು ಹತ್ತಿರ ಬಂದು ವೈಸಿನ ದವಡೆಯನ್ನು ನೋಡಿದಳು. "ಇದು ನನ್ನ ಕೊಲ್ಹಾಪುರಿ ಅಲ್ಲೇನ್ರೀ?"

ಇನ್ನು ವೈದ್ಯನಿಗೆ ಉಳಿಗಾಲವಿರಲಿಲ್ಲ. ಬಿಟ್ಟನ್ನು ಸ್ಕ್ರೂಗೆ ಇಟ್ಟು ತಿರುಗಿಸಿದ. ವಾರಗಟ್ಟಲೆ ಕಚ್ಚಿಕೊಂಡಿದ್ದ ಸ್ಕ್ರೂ ಬೆಣ್ಣೆಯಂತೆ ಬಂತು. ಡಾರ್ಲೀನ್ ಒಮ್ಮೆ ಸ್ಕ್ರೂ, ಒಮ್ಮೆ ಅವನ ಮುಖ ನೋಡಿದಳು.

"ಇಷ್ಟು ಸಲೀಸಾ?"

"ಎಣ್ಣೆ ಈಗ ಇಳೀತು ನೋಡಿ" ಎಂದ ಕಲ್ಮೇಶ, ಯಾರ ಮುಖವನ್ನೂ ನೋಡದೆ.

ತುಕ್ಕು ಉಜ್ಜಿ, ಹಿಡಿ ಕೂರಿಸಿ, ಬಿಗಿದು ಕೊಟ್ಟ. ತನ್ನ ಸಂಜೆಗಳು ಇಲ್ಲಿಗೆ ಮುಗಿದವು ಎಂದುಕೊಂಡ. ಆದರೆ ಡಾರ್ಲೀನ್ ನಿವೇದಿತಾಳತ್ತ ತಿರುಗಿದಳು.

"ನಾಳೆ ಬೆಳಿಗ್ಗೆ ಶೂಟಿಂಗ್ ರೇಂಜ್‌ನಲ್ಲಿ ನಮ್ಮ ಹೆಂಗಸರ ಗುಂಪು ಸೇರ್ತೀವಿ. ರೇಂಜಿನವರು ಮಣ್ಣಿನ ತಟ್ಟೆ ಗಾಳಿಗೆ ಹಾರಿಸ್ತಾರೆ, ನಾವು ಹೊಡೀತೀವಿ. ಬಂದೂಕು ಸರಿಯಿದೆಯಾ ಅಂತ ಅಲ್ಲಿನವರು ಮೊದಲು ನೋಡ್ತಾರೆ. ನೀನೂ ಬಾ."

ಆಕೆ ಹೋದ ಮೇಲೆ ನಿವೇದಿತಾ ಹೇಳಿದಳು, "ಹೋಗಿ ಬರ್ತೀನಿ. ನೀವು ರಿಪೇರಿ ಮಾಡಿದ್ದು, ಆ ಮುದುಕಿಗೆ ಏನಾರ ಆದ್ರ?"

"ನಾನೂ ಬರ್ತೀನಿ."

"ಹೆಂಗಸರ ಗುಂಪು ಅಂದದ್ದು ಕೇಳಿಸ್ಲಿಲ್ಲೇನು?"

ಶನಿವಾರ ಬೆಳಿಗ್ಗೆಯಿಂದ ಕಲ್ಮೇಶ ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟು ಕಾದ. ಮಧ್ಯಾಹ್ನ ಕಳೆದ ಮೇಲೆ ಬಂದ ಹೆಂಡತಿಯ ಬಲಭುಜ ಕೆಂಪಾಗಿತ್ತು. ಮುಖ, ಅವನು ವರ್ಷಗಳಿಂದ ನೋಡದಷ್ಟು ಬೆಳಗುತ್ತಿತ್ತು. ಲಟ್ಟಣಿಗೆಯನ್ನು ಭುಜಕ್ಕೇರಿಸಿ, "ಹಿಂಗ ಹಿಡೀಬೇಕ್ರೀ, ಕೆನ್ನಿ ಹಿಂಗ ಒತ್ತಬೇಕು, ತಟ್ಟಿ ಹಾರಿದ ಕೂಡಲೇ, ಢಂ!" ಎಂದು ಅಡುಗೆಮನೆಯ ತುಂಬ ಕುಣಿದಳು. "ಅಲ್ಲಿ ಎಲ್ಲಾರೂ ಹಿಡಿ ಭಾಳ ಗಟ್ಟಿ ಕುಂತದ ಅಂದ್ರು. ನಮ್ಮನ್ಯಾವ್ರು ಮಾಡಿದ್ದು ಅಂದೆ." ಕಲ್ಮೇಶನ ಕಣ್ಣು ಒದ್ದೆಯಾಯಿತು. ತಪ್ಪನ್ನು ಒಗ್ಗರಣೆಯ ಘಾಟಿನ ಮೇಲೆ ಹಾಕಿದ.

"ಮುಂದಿನ ಶುಕ್ರವಾರನೂ ಬರ್ತೀನಿ" ಎಂದಳು ಅವಳು. "ಇನ್ಮ್ಯಾಲೆ ಪ್ರತಿ ವಾರ."

ಅವನು ಕುಣಿಯುವುದೊಂದು ಬಾಕಿ. ಒಂದು ಸ್ಕ್ರೂ ತಿರುಗಿಸಿದ್ದಕ್ಕೆ ಹೆಂಡತಿ ವಾರವಾರ ಮನೆಗೆ! ಹೊಸ ಹೊದಿಕೆ ತಂದ, ಹಿತ್ತಲಿನ ಹುಲ್ಲು ಕತ್ತರಿಸಿದ.

ನಿವೇದಿತಾ ಬಂದಳು, ನಿಜ. ಶುಕ್ರವಾರ ದಣಿದು ಬಂದು ಬೇಗ ಮಲಗಿದಳು, ಬೆಳಿಗ್ಗೆ ರೇಂಜ್ ಇತ್ತಲ್ಲ. ಶನಿವಾರ ರೇಂಜು, ಆಮೇಲೆ ಗುಂಪಿನವರೊಂದಿಗೆ ಊಟ. ಕಲ್ಮೇಶ ಮಾಡಿದ ಎಣ್ಣೆಗಾಯಿ ಡಬ್ಬಿಯಲ್ಲಿ ರೇಂಜಿಗೆ ಹೋಗಿ ಬಹಳ ಹೆಸರು ಮಾಡಿತು. ಭಾನುವಾರ ಭುಜನೋವಿಗೆ ಮುಲಾಮು ಹಚ್ಚಿಸಿಕೊಂಡು ನಿದ್ದೆ, ನಂತರ ಹ್ಯೂಸ್ಟನ್. ಹಿಂದೆಂದೂ ಇಷ್ಟು ಬಾರಿ ಮನೆಗೆ ಬಂದವಳಲ್ಲ, ಇಷ್ಟು ಕಡಿಮೆ ಸಿಕ್ಕವಳೂ ಅಲ್ಲ. ಅವನ ಪಾಲಿಗೆ ಉಳಿದದ್ದು ಗುಂಡು ಹೊಡೆದು ಮಸಿಯಾದ ಬಂದೂಕಿನ ನಳಿಗೆ ಉಜ್ಜುವ ಕೆಲಸ.

ಮೊನ್ನೆ ಬುಧವಾರ ಸಂಜೆ ಅವನು ಉಜ್ಜುತ್ತಿದ್ದ, ಡಾರ್ಲೀನ್ ಕೂತಿದ್ದಳು. ಫೋನು ಬಂತು. ನಿವೇದಿತಾ!

"ಏನ್ ಮಾಡಾಕತ್ತೀರಿ?"

ಊಟವಾಯಿತೇ ಎಂದಲ್ಲ; ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಳು! ಕಲ್ಮೇಶ ಸ್ಟೂಲಿನ ಮೇಲೆ ಸರಿಯಾಗಿ ಕೂತು ಗಂಟಲು ಸರಿಮಾಡಿಕೊಂಡ. "ಏನ್ ಹೇಳ್ಲಿ, ಇವತ್ತ ಆಫೀಸ್ ಮೀಟಿಂಗಿನ್ಯಾಗ ಏನಾತಂದ್ರ..."

"ಹೌದೇನು? ಡಾರ್ಲೀನ್ ಅಲ್ಲೇ ಅದಾಳೇನ್ರೀ? ಆಕಿ ಫೋನ್ ಎತ್ತವಲ್ಲಳು. ಕೊಡ್ರಿ ಸ್ವಲ್ಪ."

ಕೊಟ್ಟ. ಡಾರ್ಲೀನ್ ಅವನ ಫೋನ್ ಹಿಡಿದು ಡ್ರೈವ್‌ವೇಯಲ್ಲಿ ಅತ್ತಿಂದಿತ್ತ ನಡೆಯುತ್ತ ಮಾತಾಡಿದಳು. ಆಕೆಯ ನಗೆ ಬೀದಿಗೆಲ್ಲ ಕೇಳಿಸುತ್ತಿತ್ತು. ನಡುನಡುವೆ ಫೋನಿನೊಳಗಿಂದ ಹೆಂಡತಿಯ ನಗೆಯೂ. ಬಿಸಿಲು ಇಳಿದು ಬೀದಿದೀಪ ಹತ್ತಿತು. ಕಡೆಗೆ ಆಕೆ ಫೋನನ್ನು ಮೇಜಿನ ಮೇಲಿಟ್ಟಳು.

"ನಿನ್ನ ಹೆಂಡತಿ ಬಹಳ ಮಜದ ಹೆಂಗಸು ಕಣಯ್ಯ. ನಿನಗೆ ಏನೋ ಹೇಳು ಅಂದ್ಲು..."

ಕಲ್ಮೇಶ ಅರಿವೆ ಕೆಳಗಿಟ್ಟು ಎದ್ದು ನಿಂತ.

"...ಏನದು, ಹಾಂ! ನಳಿಗೆಗೆ ಎಣ್ಣೆ ಜಾಸ್ತಿ ಹಾಕ್ತೀಯಂತೆ. ಒರೆಸಿಡಬೇಕಂತೆ."

ಆಕೆ ಹೋದಳು. ಕಲ್ಮೇಶ ಮತ್ತೆ ಕೂತು ಅರಿವೆಯಿಂದ ಒರೆಸಿ ನೋಡಿದ. ಎಣ್ಣೆ ಜಾಸ್ತಿಯೇ ಆಗಿತ್ತು.