ಹತ್ತಕ್ಕೆ ಎಷ್ಟು ಕೊಡ್ತೀಯ?

ನಮ್ಮ ಭಾವನ ತಟ್ಟೆಗೆ ಎರಡು ಇಡ್ಲಿ ಹಾಕಿ ನೋಡಿ. ಯಾವುದನ್ನು ಮೊದಲು ತಿನ್ನಬೇಕೆಂದು ತೀರ್ಮಾನಿಸುವಷ್ಟರಲ್ಲಿ ಎರಡೂ ಆರಿ ತಣ್ಣಗಾಗಿರುತ್ತವೆ! ಸುಳ್ಳಲ್ಲ. ಚಟ್ನಿಗೆ ಹತ್ತಿರವಿರುವ ಇಡ್ಲಿಯೋ, ಹೆಚ್ಚು ಬಿಸಿಯಿರುವ ಇಡ್ಲಿಯೋ ಎಂದು ಅವರು ಯೋಚಿಸುತ್ತ ಕೂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇಂಥವರನ್ನು ಕಟ್ಟಿಕೊಂಡು ನಮ್ಮಕ್ಕ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದಾಳೆ. ಇವರ ದೆಸೆಯಿಂದಲೇ ನಾನೂ ಅಕ್ಕನೂ ಹನ್ನೊಂದು ತಿಂಗಳು ಮಾತು ಬಿಟ್ಟಿದ್ದೆವು. ಈಗ ಹೇಳಹೊರಟಿರುವುದು ಅದನ್ನೇ.

ಇದರಲ್ಲಿ ಅವರ ತಪ್ಪಿಲ್ಲ, ಅವರ ಕಸುಬೇ ಹಾಗೆ. ಹ್ಯೂಸ್ಟನ್ನಿನ ಒಂದು ಸಂಸ್ಥೆಯಲ್ಲಿ ಕೂತು, ದೂರದೇಶದಲ್ಲಿ ಯುದ್ಧ ಮುಗಿದ ಊರುಗಳಲ್ಲಿ ಏನನ್ನು ಮೊದಲು ಕಟ್ಟಬೇಕೆಂದು ಹೇಳುವುದು ಅವರ ಕೆಲಸ. ಬಂದೂಕಿನವರು ಹೊರಟುಹೋದ ಮೇಲೆ ಇವರ ಪಾಳಿ. ಊರಲ್ಲಿ ಮುರಿದುಬಿದ್ದಿರುವುದು ನೂರು: ಶಾಲೆ, ಆಸ್ಪತ್ರೆ, ಬಾವಿ, ರಸ್ತೆ. ಕೈಯಲ್ಲಿರುವ ದುಡ್ಡು ಮೂವತ್ತಕ್ಕೆ ಸಾಕು. ಯಾವ ಮೂವತ್ತು? ಇದನ್ನು ಗಣಿತದಿಂದ ಬಿಡಿಸುವ ವಿದ್ಯೆಗೆ ಆಪರೇಷನ್ಸ್ ರಿಸರ್ಚ್ ಎನ್ನುತ್ತಾರಂತೆ. ಊರಿನವರನ್ನು ಕೂರಿಸಿಕೊಂಡು ಬಾವಿ ಬೇಕೋ ಶಾಲೆ ಬೇಕೋ, ಶಾಲೆ ಬೇಕೋ ರಸ್ತೆ ಬೇಕೋ ಎಂದು ಎರಡೆರಡನ್ನೇ ಮುಂದಿಟ್ಟು ಕೇಳಬೇಕು. ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಅಂಕ ಎಂದು ಬರೆದುಕೊಳ್ಳಬೇಕು. ಆಮೇಲೆ ಕಂಪ್ಯೂಟರ್ ಒಂದು ಪಟ್ಟಿ ಕೊಡುತ್ತದೆ, ಇಷ್ಟು ದುಡ್ಡಿನಲ್ಲಿ ಇದಕ್ಕಿಂತ ಹೆಚ್ಚು ಜನಕ್ಕೆ ಒಳ್ಳೆಯದಾಗಲು ಸಾಧ್ಯವಿಲ್ಲ ಎನ್ನುವ ಪಟ್ಟಿ. ದೊಡ್ಡ ಕೆಲಸವೇ, ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಮನೆಗೂ ತರಬೇಕೇ?

ಟೆಕ್ಸಾಸ್‌ಗೆ ಬಂದ ಹೊಸದರಲ್ಲಿ ಮನೆ ಕೊಳ್ಳಬೇಕಿತ್ತು. ಭಾವ ಅಕ್ಕನನ್ನು ಕೂರಿಸಿಕೊಂಡು ಕೇಳಿದರು, ಆಸ್ಟಿನ್ನೋ ಡಾಲಸ್ಸೋ? ನಾನು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿದ್ದೇನಲ್ಲ, ಅಕ್ಕ ಆಸ್ಟಿನ್ ಅಂದಳು. ಡಾಲಸ್ಸೋ ಹ್ಯೂಸ್ಟನ್ನೋ? ಡಾಲಸ್. ಹ್ಯೂಸ್ಟನ್ನೋ ಆಸ್ಟಿನ್ನೋ? "ನಿಮ್ಮ ಆಫೀಸು ಅಲ್ಲೇ ಇದೆಯಲ್ರೀ, ಹ್ಯೂಸ್ಟನ್!" ಭಾವ ಪೆನ್ನು ಕೆಳಗಿಟ್ಟರಂತೆ. "ನಿನ್ನ ಉತ್ತರಕ್ಕೆ ತಲೆ ಬುಡ ಇಲ್ಲ ಕಣೇ." ಕೊನೆಗೆ ಅವರ ಆಫೀಸು, ನನ್ನ ಮನೆ, ಡಾಲಸ್ ಕಡೆ ಯೂಲೆಸ್ ಪಕ್ಕದ ವಿಮಾನ ನಿಲ್ದಾಣ, ಮೂರಕ್ಕೂ ಓಡಾಟ ಅತಿ ಕಡಿಮೆಯಾಗುವ ಜಾಗವನ್ನು ಕಂಪ್ಯೂಟರೇ ಹುಡುಕಿಕೊಟ್ಟಿತು. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ನೋಡಲು ಹೋದರೆ, ಅದು ಬೇಲಿ ಹಾಕಿದ ಒಂದು ಹುಲ್ಲುಗಾವಲು! ನಲವತ್ತು ಹಸುಗಳು ಮೇವು ಬಿಟ್ಟು ಇವರನ್ನೇ ನೋಡುತ್ತಿದ್ದವು. "ಇಲ್ಲಿ ಹಸುಗಳಿಗೆ ಅನುಕೂಲ ಇದೆ ಕಣ್ರೀ, ನಮಗಿಲ್ಲ," ಎಂದು ಅಕ್ಕ ಕಾರಿನಿಂದ ಇಳಿಯಲೇ ಇಲ್ಲ. ಆಮೇಲೆ ಎಲ್ಲರಂತೆ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿ ಮನೆ ತೆಗೆದುಕೊಂಡರು.

ಇದೆಲ್ಲ ನಗುವ ಮಾತು. ನಗು ಕೆಟ್ಟದ್ದು ಯುಗಾದಿ ಊಟದಲ್ಲಿ.

ಹ್ಯೂಸ್ಟನ್ ಕಡೆಯ ಕನ್ನಡಿಗರೆಲ್ಲ ಸೇರಿ ಮಾಡುವ ಹಬ್ಬ. ಆ ವರ್ಷ ಇನ್ನೂರು ಎಲೆ. ಕೂಡಿದ ಚಂದಾ ಮಾತ್ರ ಕಡಿಮೆ, ಹಾಗಾಗಿ ಊಟದ ಉಸ್ತುವಾರಿಯನ್ನು ಭಾವನಿಗೇ ಒಪ್ಪಿಸಿದರು. ಮೂರು ವಾರ ಮನೆಮನೆಗೆ ಇಮೇಲ್! ಒಬ್ಬಟ್ಟೋ ಪಾಯಸವೋ? ಮಾವಿನಕಾಯಿ ಚಿತ್ರಾನ್ನವೋ ಬಿಸಿಬೇಳೆಬಾತೋ? ಮೆಣಸಿನಕಾಯಿ ಬಜ್ಜಿಗೆ ಹತ್ತಕ್ಕೆ ಎಷ್ಟು? ಜನವೂ ಹುರುಪಿನಿಂದ ಅಂಕ ಕೊಟ್ಟರು. ಅಡುಗೆ ಅಮೋಘ. ಕ್ಯೂ ಇಲ್ಲ, ನೂಕುನುಗ್ಗಲಿಲ್ಲ. ಬಜ್ಜಿ ಎರಡನೇ ಸುತ್ತು ಬಂತು. ಆಗ ಯಾರೋ ನೀರು ಕೇಳಿದರು.

ನೀರಿರಲಿಲ್ಲ! ಹಬ್ಬದೂಟಕ್ಕೆ ಏನು ಬೇಕೆಂದು ಕೇಳಿದರೆ ನೀರು ಎಂದು ಯಾರಾದರೂ ಹೇಳುತ್ತಾರೆಯೇ? ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅಂಕವಿಲ್ಲ, ಅಂಕವಿಲ್ಲದ್ದಕ್ಕೆ ದುಡ್ಡಿಲ್ಲ. ಹಾಲ್‌ನ ಮೂಲೆಯಲ್ಲಿದ್ದ ಒಂದೇ ಒಂದು ನಲ್ಲಿಯ ಮುಂದೆ ಕಣ್ಣುಮೂಗು ಒರೆಸಿಕೊಳ್ಳುತ್ತ ಇನ್ನೂರು ಜನ ಸಾಲುಗಟ್ಟಿದರು. ಭಾವ ಪಂಚೆ ಎತ್ತಿಕಟ್ಟಿಕೊಂಡು ಪಕ್ಕದ ಪೆಟ್ರೋಲ್ ಬಂಕಿನ ಅಂಗಡಿಗೆ ಓಡಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವತ್ತು ನಿರೂಪಣೆ ನನ್ನದು, ಮೈಕು ನನ್ನ ಕೈಯಲ್ಲಿತ್ತು. ಮೈಕು ಕೈಗೆ ಸಿಕ್ಕರೆ ನನಗೆ ಹಿಂದುಮುಂದು ಕಾಣುವುದಿಲ್ಲ. "ನೀರಿಗೆ ನೀವ್ಯಾರೂ ಮಾರ್ಕ್ಸ್ ಕೊಟ್ಟಿಲ್ವಂತೆ, ದಯವಿಟ್ಟು ಉಗುಳು ನುಂಗಿ ಸುಧಾರಿಸಿಕೊಳ್ಳಿ! ಇಂಥೋರ ಕೈಗೆ ಸಿಕ್ಕ ದೇಶಗಳ ಗತಿ ಏನೋ!" ಅಂದುಬಿಟ್ಟೆ. ಇಡೀ ಹಾಲ್ ಬಿದ್ದುಬಿದ್ದು ನಕ್ಕಿತು. ಎರಡು ಕೈಯಲ್ಲೂ ನೀರಿನ ಬಾಟಲಿಗಳ ಕಟ್ಟು ಹಿಡಿದು ಭಾವ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರೂ ನಕ್ಕರು. ಅಕ್ಕ ನಗಲಿಲ್ಲ.

ಪಾರ್ಕಿಂಗ್‌ನಲ್ಲಿ ನನ್ನನ್ನು ತಡೆದಳು. "ಮೂರು ವಾರ ನಿದ್ದೆಗೆಟ್ಟು ಮಾಡಿದಾರೆ ಅವರು. ನಿನಗೆ ಅದು ತಮಾಷೆ."

"ನಿದ್ದೆಗೆಟ್ಟಿದ್ದಕ್ಕೇ ನೀರು ಮರೆತಿದ್ದು ಬಿಡು," ಅಂದೆ.

ಬಾಯಿಂದ ಬಿದ್ದ ಮಾತು ಬಿತ್ತು. ಅವಳು ಕಾರು ಹತ್ತಿದಳು. ಅಂದಿನಿಂದ ಫೋನಿಲ್ಲ, ಮೆಸೇಜಿಲ್ಲ. ತಪ್ಪು ನನ್ನದೇ ಎಂದು ಮನೆ ತಲುಪುವ ಮೊದಲೇ ಗೊತ್ತಾಗಿತ್ತು. ಆದರೂ ನಾನೇ ಮೊದಲು ಯಾಕೆ ಫೋನ್ ಮಾಡಲಿ? ದೀಪಾವಳಿಗೆ ಅವಳಿಲ್ಲದೆ ಚಕ್ಕುಲಿ ಕರಿದೆ, ಒಂದೂ ಗರಿಗರಿಯಾಗಿ ಬರಲಿಲ್ಲ.

ಇತ್ತ ಪ್ರತಿ ಶನಿವಾರ ಬೆಳಗ್ಗೆ ತಪ್ಪದೆ ಭಾವನ ಫೋನು! ಯುದ್ಧ ಮುಗಿದ ಒಂದು ಊರಿಗೆ ಕೆಲಸದ ಮೇಲೆ ಹೋಗಿದ್ದಾಗಲೂ ಜನರೇಟರ್ ಸದ್ದಿನ ನಡುವೆ ಮಾಡುತ್ತಿದ್ದರು.

"ಅಕ್ಕನ ಹತ್ರ ಮಾತಾಡೋದಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀಯ?"

"ಸೊನ್ನೆ!"

"ಸರಿ, ಬರ್ಕೊಂಡೆ." ಫೋನ್ ಕಟ್.

ನನಗೆ ರೇಗುತ್ತಿತ್ತು. ಒಂದು ಸಲವಾದರೂ ಬುದ್ಧಿ ಹೇಳಬಾರದೇ ಈ ಮನುಷ್ಯ? ಬೈಯಬಾರದೇ? ಬರೆದುಕೊಳ್ಳುತ್ತಾರಂತೆ!

ಮತ್ತೆ ಯುಗಾದಿ ಹತ್ತಿರ ಬಂತು. ಒಂದು ಶನಿವಾರ ಫೋನಿನ ಹೊತ್ತಿಗೆ ಫೋನಿನ ಬದಲು ಕಾಲಿಂಗ್ ಬೆಲ್ ಆಯಿತು. ಭಾವ! ಹಿಂದೆ ಕಾರಿನಲ್ಲಿ ಅಕ್ಕ, ಮುಖ ಆ ಕಡೆಗೆ. ಸೋಮವಾರ ಡಾಲಸ್‌ನಲ್ಲಿ ದುಡ್ಡು ಕೊಡುವವರ ಮುಂದೆ ತಮ್ಮ ಪಟ್ಟಿ ಒಪ್ಪಿಸಬೇಕಂತೆ. ಹ್ಯೂಸ್ಟನ್ನಿನಿಂದ ನೇರ ಹೋಗುವ ರಸ್ತೆ ಬಂದ್ ಆಗಿದೆಯೆಂದು ಈ ಕಡೆ ಬಂದರಂತೆ. ಬಾತ್‌ರೂಮಿಗೆ ಹೋಗಬೇಕು ಎಂದು ಒಳಗೆ ನುಗ್ಗಿದರು, ಕಾರಿನ ಕೀ ಜೇಬಿಗಿಳಿಸಿಕೊಂಡು. ಹತ್ತು ನಿಮಿಷ ಕಾದು ಅಕ್ಕನೂ ಬರಲೇಬೇಕಾಯಿತು. ಟೇಬಲ್‌ನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ನಡುವೆ ಭಾವ ಮತ್ತು ಉಪ್ಪಿಟ್ಟು.

"ಈ ಸಲದ ಪಟ್ಟಿಯಲ್ಲಿ ಒಂದು ತೊಂದರೆ ಆಗಿದೆ," ಭಾವ ಉಪ್ಪಿಟ್ಟಿನೊಂದಿಗೆ ಮಾತಾಡುವವರಂತೆ ಶುರುಮಾಡಿದರು. "ನಾನು ಹೋಗಿದ್ನಲ್ಲ, ಆ ಊರ ಮಧ್ಯೆ ಒಂದು ಹೊಳೆ. ದಾಟೋಕೆ ಒಂದು ಕಾಲುಸೇತುವೆ ಇತ್ತು, ಯುದ್ಧದಲ್ಲಿ ಬಿದ್ದುಹೋಗಿದೆ. ಅವತ್ತಿಂದ ಎರಡು ದಡದವರಿಗೂ ಮಾತಿಲ್ಲ. ಎರಡು ದಡದವರನ್ನೂ ಕೇಳ್ದೆ. ಬಾವಿಗೆ ಒಂಬತ್ತು, ಶಾಲೆಗೆ ಎಂಟು ಕೊಟ್ರು. ಸೇತುವೆಗೆ ಆ ದಡದವರೂ ಸೊನ್ನೆ, ಈ ದಡದವರೂ ಸೊನ್ನೆ. ಕಂಪ್ಯೂಟರ್ ಅದನ್ನ ಪಟ್ಟಿಯಿಂದಲೇ ತೆಗೆದುಹಾಕ್ತು."

ಅಕ್ಕ ಗೋಡೆ ನೋಡುತ್ತಿದ್ದಳು.

"ಆದ್ರೆ ಬೆಳಗ್ಗೆ ಹೋಗಿ ನೋಡಿದ್ರೆ, ಬಟ್ಟೆ ಒಗೆಯೋಕೆ ಎರಡು ಕಡೆ ಹೆಂಗಸರೂ ಆ ಮುರಿದ ಸೇತುವೆ ಹತ್ರಾನೇ ಬರ್ತಾರೆ. ನೀರು ಚೆನ್ನಾಗಿರೋ ಜಾಗ ಬೇಕಾದಷ್ಟಿದೆ, ಅಲ್ಲಿಗೆ ಹೋಗಲ್ಲ. ಒಬ್ಬ ಅಜ್ಜಿನ ಕೇಳ್ದೆ, ಸೇತುವೆ ಬೇಡ ಅಂದ್ರಲ್ಲ, ಮತ್ತೆ ಇಲ್ಲಿಗ್ಯಾಕೆ ಬರ್ತೀರಿ ಅಂತ. ಬೇಕು ಅಂತ ನಾನೇ ಮೊದಲು ಹೇಳಿದ್ರೆ ನಾನೇ ಸೋತ ಹಾಗಾಗುತ್ತಲ್ಲಪ್ಪ, ಅಂದ್ಲು." ಭಾವ ಕನ್ನಡಕ ಒರೆಸಿಕೊಂಡರು. "ಇಷ್ಟು ವರ್ಷ ಸೊನ್ನೆ ಅಂದ್ರೆ ಬೇಡ ಅಂತಲೇ ತಿಳ್ಕೊಂಡಿದ್ದೆ. ಸೋಮವಾರ ಸೇತುವೆನ ನಾನೇ ಮೇಲಕ್ಕೆ ಹಾಕ್ತೀನಿ. ಕಂಪ್ಯೂಟರ್ ಒಪ್ಪಲಿ, ಬಿಡಲಿ. ದುಡ್ಡು ಕೊಡೋರು ಬೈಯಬಹುದು, ಕೆಲಸದಿಂದಲೂ ತೆಗೀಬಹುದು. ಸ್ವಲ್ಪ ನೀರು ಕೊಡ್ತೀಯಾ?"

ನೀರು! ನಾನು ಎದ್ದು ಫ್ರಿಜ್ ಬಾಗಿಲು ತೆಗೆದೆ. ಇನ್ನೊಂದು ಕೈಯಲ್ಲಿ ಲೋಟ.

"ತಣ್ಣಗಿರೋದು ಕೊಡ್ಬೇಡ. ಅವರಿಗೆ ಗಂಟಲು ಕಟ್ಟುತ್ತೆ," ಹಿಂದಿನಿಂದ ಅಕ್ಕನ ದನಿ.

"ಗೊತ್ತು," ಅಂದೆ.

"ಗೊತ್ತಿದ್ರೆ ಫ್ರಿಜ್ ಯಾಕೆ ತೆಗೆದೆ?"

"ಗಾಬರಿಗೆ ಕಣೇ, ಅಕ್ಕ. ತಪ್ಪಾಯ್ತು. ಅವತ್ತಿಂದೂ ತಪ್ಪಾಯ್ತು."

ಅವಳು ಎದ್ದುಬಂದು ನನ್ನ ಕೈಯಿಂದ ಲೋಟ ಕಿತ್ತುಕೊಂಡಳು. "ಹನ್ನೊಂದು ತಿಂಗಳು ಬೇಕಾಯ್ತಾ ನಿನಗೆ, ಕತ್ತೆ!" ಅಂದಳು. ಆ ಬೈಗುಳ ಕೇಳಿ ನನಗೆ ಎಷ್ಟು ಹಗುರವಾಯಿತೆಂದರೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಭಾವನಿಗೆ ನೀರು ಕೊಡುವುದನ್ನು ಇಬ್ಬರೂ ಮರೆತೆವು. ಅವರೇ ಎದ್ದು ನಲ್ಲಿಯಿಂದ ಹಿಡಿದುಕೊಂಡು ಕುಡಿದರು.

ಸೋಮವಾರ ಸಂಜೆ ಡಾಲಸ್‌ನಿಂದ ಫೋನು. ಮಾಡಿದ್ದು ಅಕ್ಕ! "ಸೇತುವೆ ಪಾಸಾಯ್ತು ಕಣೇ! ಕೆಲಸಾನೂ ಉಳೀತು. ಇನ್ನೊಂದು ಗೊತ್ತಾ? ರಸ್ತೆ ಬಂದ್ ಆಗೇ ಇರ್ಲಿಲ್ವಂತೆ!" ಒಂದು ಮೈಲಿ ಸುತ್ತು ಬೀಳುತ್ತದೆಂದರೆ ಮದುವೆ ಮನೆಯನ್ನೇ ತಪ್ಪಿಸುವ ಮನುಷ್ಯ, ಒಂದು ಗಂಟೆಗೂ ಹೆಚ್ಚು ಸುತ್ತುಹಾಕಿಕೊಂಡು ಬಂದಿದ್ದರು.

ಅವರು ಮರೆತುಹೋದ ಸಣ್ಣ ನೋಟ್‌ಬುಕ್ಕೊಂದು ನಮ್ಮ ಟೇಬಲ್ ಮೇಲೆಯೇ ಉಳಿದಿತ್ತು. ತೆರೆದು ನೋಡಿದೆ. ಪ್ರತಿ ಪುಟಕ್ಕೂ ಒಂದೊಂದು ಶನಿವಾರ. ಅಕ್ಕ, ಸೊನ್ನೆ. ತಂಗಿ, ಸೊನ್ನೆ. ಅದರ ಕೆಳಗೆ ಅವರ ಗುಂಡಗಿನ ಅಕ್ಷರದಲ್ಲಿ, ಒಂದು ಪುಟವೂ ಬಿಡದಂತೆ, ಒಂದೇ ಸಾಲು: 'ಮುಂದಿನ ವಾರ ಮತ್ತೆ ಕೇಳುವುದು.'