ಮೂರನೇ ನೆಲಮಾಳಿಗೆಯ ಗಾಳಿ

ಎಲ್ಲ ಶುರುವಾದದ್ದು ಎದುರಿನ ಹೋಟೆಲಿನವರು ‘ಹಸಿರು ಕಟ್ಟಡ’ ಎಂಬ ಫಲಕ ನೇತುಹಾಕಿದ ದಿನದಿಂದ. ಅದನ್ನು ಕಂಡಾಗಿನಿಂದ ಪಾರ್ಕಿಂಗ್ ಕಟ್ಟಡದ ಮಾಲೀಕರಿಗೆ ಊಟ ಸೇರಲಿಲ್ಲ.

“ನಮಗೂ ಆ ಸರ್ಟಿಫಿಕೇಟ್ ಬರಲೇಬೇಕು. ಇವತ್ತು ಇಲ್ಲಿನ ಗಾಳಿ ಪರೀಕ್ಷೆ ಮಾಡೋಕೆ ಅದನ್ನ ಕೊಡೋ ಮೇಡಂ ಬರ್ತಾರೆ. ಸರ್ಟಿಫಿಕೇಟ್ ಬಂತೋ, ನಿನಗೆ ಮೇಲಿನ ಮಹಡೀಲಿ ಕಿಟಕಿ ಪಕ್ಕದ ಕುರ್ಚಿ,” ಎಂದರು ಚೀಟಿಯಪ್ಪನಿಗೆ.

ಮೂರನೇ ನೆಲಮಾಳಿಗೆಯಲ್ಲಿ ಕೂತು ಹನ್ನೆರಡು ವರ್ಷ ಕಾರಿನವರಿಗೆ ಚೀಟಿ ಹರಿದುಕೊಟ್ಟು ಆ ಹೆಸರು ಗಳಿಸಿದವನು ಅವನು. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನೂ ಬರುವ ಕಾರಿನ ಗಾಜು ನೋಡಿಯೇ ತಿಳಿಯಬೇಕು. ಕಿಟಕಿ ಎಂದೊಡನೆ ಅವನ ಕಣ್ಣು ತುಂಬಿ ಬಂತು.

ಆದರೆ ಹೊಗೆ? ಅದನ್ನು ಕುಡಿದು ಕುಡಿದು ಅವನ ಕೆಮ್ಮೇ ಹಳೆಯ ಡೀಸೆಲ್ ಗಾಡಿ ಚಾಲೂ ಆದಂತೆ ಕೇಳುತ್ತಿತ್ತು. ತಲೆ ಓಡಿಸಿ, ಗೇಟಿನ ಕಾವಲುಗಾರನ ಬಳಿ ಓಡಿದ.

“ಅಣ್ಣಾ, ಇವತ್ತು ಒಂದು ಕಾರನ್ನೂ ಒಳಗೆ ಬಿಡಬೇಡ.”

“ಪಾರ್ಕಿಂಗಿಗೆ ಕಾರು ಬಿಡಬಾರದಾ? ತಲೆ ಕೆಟ್ಟಿದೆಯಾ ನಿನಗೆ?”

“ಕಾರು ಬಂದ್ರೆ ಹೊಗೆ ಬರತ್ತೆ. ಹೊಗೆ ಬಂದ್ರೆ ನನ್ನ ಕಿಟಕಿ ಹೋಗತ್ತೆ!”

ಹತ್ತು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಕಾರುಗಳು ಪೊಟ್ಟಣದೊಳಗಿನ ಬೆಂಕಿಕಡ್ಡಿಗಳಂತೆ ಒತ್ತಿಕೊಂಡು ನಿಂತವು. ಹಾರನ್ ಒತ್ತಿ ಒತ್ತಿ ಸುಸ್ತಾದ ಹಲ್ಲಿನ ಡಾಕ್ಟರೊಬ್ಬರು ಇಳಿದು ಬಂದರು.

“ಬಿಡಯ್ಯಾ ಒಳಗೆ! ಅಲ್ಲಿ ಪೇಷೆಂಟು ಬಾಯಿ ತೆರ್ಕೊಂಡು ಕಾಯ್ತಿದಾರೆ!”

“ಸ್ವಲ್ಪ ಹೊತ್ತು ಮುಚ್ಕೊಳ್ಳೋಕೆ ಹೇಳಿ ಡಾಕ್ಟ್ರೇ,” ಎಂದ ಕಾವಲುಗಾರ.

ಮೇಡಂ ಕೂಡ ಎರಡು ಬೀದಿ ಆಚೆ ಕಾರು ಬಿಟ್ಟು, ಬೆವರೊರೆಸುತ್ತ ನಡೆದೇ ಬಂದರು. “ಕಾರು ನಿಲ್ಸೋ ಕಟ್ಟಡಕ್ಕೆ ಹಸಿರು ಪಟ್ಟ! ಮೀನಂಗಡಿಯವನು ಸಸ್ಯಾಹಾರಿ ಅಂತ ಪದಕ ಕೇಳಿದ ಹಾಗಾಯ್ತು.”

“ಹಾಗಲ್ಲ ಮೇಡಂ,” ಎಂದರು ಮಾಲೀಕರು, “ನಾವಿದ್ರೆ ಜನ ಜಾಗ ಹುಡುಕ್ಕೊಂಡು ಬೀದಿ ಬೀದಿ ಸುತ್ತೋದು ತಪ್ಪತ್ತೆ.”

“ಈಗಷ್ಟೇ ಸುತ್ತಿ ಬಂದೆ,” ಎನ್ನುತ್ತ ಮೇಡಂ ಕೆಳಗಿಳಿದು, ಗಾಳಿ ಅಳೆಯುವ ಯಂತ್ರ ಇಟ್ಟರು. ಮುಳ್ಳು ಗಾಢನಿದ್ರೆಯಲ್ಲಿತ್ತು. “ಅರೆ, ಬೀದಿಗಿಂತ ಇಲ್ಲೇ ಗಾಳಿ ಚೆನ್ನಾಗಿದೆ! ಆದ್ರೆ ದಿನಾ ಹೀಗೇ ಇರತ್ತೆ ಅನ್ನೋಕೆ ಸಾಕ್ಷಿ?”

ಮಾಲೀಕರ ಮುಖ ಬಾಡಿತು. ಕಿಟಕಿ ಕೈತಪ್ಪುವುದನ್ನು ಕಂಡು ಚೀಟಿಯಪ್ಪ ಎದೆಯುಬ್ಬಿಸಿ ಮುಂದೆ ಬಂದ.

“ನಾನೇ ಸಾಕ್ಷಿ ಮೇಡಂ! ಹನ್ನೆರಡು ವರ್ಷದಿಂದ ಇಲ್ಲೇ ಕೂತಿದೀನಿ. ಒಂದು ದಿನಾನೂ ಕೆಮ್ಮಿಲ್ಲ. ಇಲ್ಲಿನ ಗಾಳಿ ಅಂದ್ರೆ ಟಾನಿಕ್ಕು!”

ಅಷ್ಟರಲ್ಲಿ ಗಂಟಲಿಗೆ ಬಂದ ಕೆಮ್ಮನ್ನು ಗುಳಿಗೆಯಂತೆ ನುಂಗಿದ. ಕಣ್ಣು ಹೊಳೆಯಿತು, ಕೆನ್ನೆ ಕೆಂಪಾಯಿತು.

“ಮುಖದಲ್ಲಿ ಎಂಥಾ ಕಳೆ!” ಎಂದು ಮೆಚ್ಚಿದ ಮೇಡಂ ಅಲ್ಲೇ ಪ್ರಮಾಣಪತ್ರ ಬರೆದು, ಸಹಿ ಹಾಕಿ, ಮಾಲೀಕರ ಕೈಗಿತ್ತು ಹೊರಟುಹೋದರು.

ಚೀಟಿಯಪ್ಪ ಕುರ್ಚಿಯ ಮೆತ್ತೆಯನ್ನು ಕಂಕುಳಲ್ಲಿಟ್ಟು ಮೆಟ್ಟಿಲು ಹತ್ತತೊಡಗಿದ. ಕಾಗದ ಓದುತ್ತಿದ್ದ ಮಾಲೀಕರು ಅವನ ಅಂಗಿ ಹಿಡಿದು ಎಳೆದರು.

“ಎಲ್ಲಿಗೆ ಹೊರಟೆ? ಇದನ್ನ ಕೇಳು. ‘ಸದರಿ ಸಾಕ್ಷಿಯು ಇದೇ ಜಾಗದಲ್ಲಿ ಆರೋಗ್ಯವಾಗಿ ಕೂತಿರುವವರೆಗೆ ಮಾತ್ರ ಈ ಪ್ರಮಾಣಪತ್ರ ಊರ್ಜಿತ.’ ತಿಂಗಳಿಗೊಂದು ಸಲ ಬಂದು ನೋಡ್ತಾರಂತೆ. ಇನ್ನು ರಜೆ ಗಿಜೆ, ನಿವೃತ್ತಿ ಗಿವೃತ್ತಿ ಅಂತೆಲ್ಲ ತಲೆಗೆ ಹಚ್ಕೋಬೇಡಪ್ಪಾ!”